ನನ್ನ ಗಂಡನನ್ನು ಕೊಂದೆವೆಂದು ಒಪ್ಪಿಕೊಂಡ ಇಬ್ಬರ ಕುರಿತು

ಮಾನ್ಯ ಪೊಲೀಸ್ ವರಿಷ್ಠರೇ,

ನನ್ನ ಗಂಡ ಸತ್ತದ್ದು ಒಂದೇ ಸಲ. ಅವರನ್ನು ಕೊಂದವನು ಮಾತ್ರ ತಮ್ಮ ಠಾಣೆಯಲ್ಲಿ ಎರಡು ಸಲ, ಎರಡು ಬೇರೆ ಬೇರೆ ಮೈಯಲ್ಲಿ, ತಪ್ಪೊಪ್ಪಿಕೊಂಡಿದ್ದಾನೆ. ಇಷ್ಟು ಧಾರಾಳವಾಗಿ ನ್ಯಾಯ ಒದಗಿಸುವ ಇಲಾಖೆಗೆ ಕೃತಜ್ಞತೆ ಹೇಳುವುದು ಬಿಟ್ಟು ದೂರು ಬರೆಯುತ್ತಿದ್ದಾಳಲ್ಲ ಎಂದು ತಾವು ಬೇಸರಿಸಬಾರದು. ಎರಡನೆಯವನು ಈಗಲೂ ಜೈಲಿನಲ್ಲಿದ್ದಾನೆ. ಅವನು ನಿರಪರಾಧಿ. ಇದನ್ನು ಹೇಳುತ್ತಿರುವವಳು ಅವನ ತಾಯಿಯಲ್ಲ, ವಕೀಲೆಯಲ್ಲ, ಸತ್ತವರ ಹೆಂಡತಿ.

ನಡೆದದ್ದನ್ನು ತಮ್ಮ ಪತ್ರಿಕಾಗೋಷ್ಠಿಗಿಂತ ಸರಳವಾಗಿ ಹೇಳುತ್ತೇನೆ. ನಮ್ಮದು ಬೀದಿ ಮೂಲೆಯ ದಿನಸಿ ಅಂಗಡಿ. ಮಧ್ಯಾಹ್ನ ಊಟವಾದ ಮೇಲೆ ನನ್ನ ಗಂಡ ಷಟರನ್ನು ಅರ್ಧ ಇಳಿಸಿ, ಮೂಟೆಗಳಿಗೆ ಒರಗಿ ಒಂದು ಕೋಳಿನಿದ್ದೆ ತೆಗೆಯುತ್ತಿದ್ದರು. ಆ ದಿನ ನಾನು ಟೀ ಹಿಡಿದು ಹೋದಾಗ ಗಲ್ಲಾಪೆಟ್ಟಿಗೆ ಮಗುಚಿ ಬಿದ್ದಿತ್ತು. ಪಕ್ಕದಲ್ಲೇ ಅವರಿದ್ದರು, ತಲೆಯ ಹಿಂಭಾಗ ಒಡೆದಿತ್ತು. ಟೀ ಆರಿದರೆ ಕುಡಿಯುವವರಲ್ಲ. ಹಾಗಾಗಿ "ಆರ್ಹೋಗತ್ತೆ, ಏಳಿ" ಅಂದದ್ದು ನೆನಪಿದೆ. ಮುಂದಿನದು ನೆನಪಿಲ್ಲ.

ಮೊದಲು ತಾವು ಹಿಡಿದದ್ದು ನಮಗೆ ಸಾಮಾನು ತಂದುಹಾಕುತ್ತಿದ್ದ ವ್ಯಾನ್ ಡ್ರೈವರನ್ನು. ಆತ ಕೆಲ ದಿನ ತಮ್ಮ ಆತಿಥ್ಯ ಸ್ವೀಕರಿಸಿ, ತೂಕದ ಕಲ್ಲಿನಿಂದ ಹಿಂದಿನಿಂದ ಹೊಡೆದು ಗಲ್ಲಾ ದೋಚಿದೆನೆಂದು ಒಪ್ಪಿಕೊಂಡ. ತಾವು ಫೋಟೋ ತೆಗೆಸಿಕೊಂಡಿರಿ. ಆಮೇಲೆ ನೋಡಿದರೆ, ಕೊಲೆಯಾದ ಹೊತ್ತಿಗೆ ಆತ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ನಿಗೆಂದು ಅರಿವಳಿಕೆಯಲ್ಲಿ ಮಲಗಿದ್ದ! ಪ್ರಜ್ಞೆಯಿಲ್ಲದ ಮನುಷ್ಯ ಕೊಯ್ದ ಹೊಟ್ಟೆ ಹಿಡಿದುಕೊಂಡು ಎದ್ದುಬಂದು, ಕೊಲೆ ಮುಗಿಸಿ, ಹೊಲಿಗೆ ಹಾಕುವಷ್ಟರಲ್ಲಿ ಹಿಂದಿರುಗಿದನೆಂದು ತಾವು ವಾದಿಸಲಿಲ್ಲ. ಆ ಸಂಯಮವನ್ನು ಮೆಚ್ಚಲೇಬೇಕು. ಬಿಟ್ಟುಬಿಟ್ಟಿರಿ. ಆತನ ಎಡಗಿವಿ ಈಗ ಕೇಳಿಸುವುದಿಲ್ಲ. ಕಿವಿಯ ವಿಷಯ ಪತ್ರಿಕಾಗೋಷ್ಠಿಯಲ್ಲಿ ಬರಲಿಲ್ಲ.

ಎರಡನೆಯವನು ನಮ್ಮ ಬೀದಿಯ ಪೇಂಟರ್. ಎಲ್ಲರೂ ಅವನನ್ನು ಕರೆಯುವುದೇ ಹೌದಪ್ಪ ಎಂದು. ಗೋಡೆಗೆ ಹಸಿರು ಚೆನ್ನಾಗಿರುತ್ತದಾ ಎಂದರೆ ಹೌದು. ಥೂ, ಹಸಿರು ಬೇಡ ಅಲ್ಲವಾ ಎಂದರೆ ಅದಕ್ಕೂ ಹೌದು. ನನ್ನ ಗಂಡ ಕೆಣಕಲೆಂದೇ ಅವನನ್ನು ಕೂರಿಸಿಕೊಳ್ಳುತ್ತಿದ್ದರು. "ಏನೋ, ನಿನ್ನೆ ಚಂದ್ರಲೋಕಕ್ಕೆ ಹೋಗಿದ್ಯಂತೆ?" "ಹೌದಣ್ಣ, ಹೋಗಿದ್ದೆ." ಇಂಥವನನ್ನು ತಮ್ಮವರು "ನೀನೇ ಕೊಂದದ್ದಲ್ವಾ?" ಎಂದು ಕೇಳಿದ್ದಾರೆ. ಉತ್ತರ ಊಹಿಸಲು ಒಂದು ಇಲಾಖೆ ಬೇಕೇ? ನ್ಯಾಯಾಧೀಶರು ಕಾನೂನಿನ ಪ್ರಕಾರ, ಸ್ವಇಚ್ಛೆಯಿಂದ ಹೇಳುತ್ತಿದ್ದೀಯಾ ಎಂದು ವಿಚಾರಿಸಿದರು. ಅದಕ್ಕೂ ಹೌದೆಂದ.

ಸೋಜಿಗವೆಂದರೆ, ಇವನೂ ತೂಕದ ಕಲ್ಲಿನಿಂದಲೇ ಹೊಡೆದನಂತೆ. ಸ್ವಾಮಿ, ನಮ್ಮ ಅಂಗಡಿಗೆ ಎಲೆಕ್ಟ್ರಾನಿಕ್ ತಕ್ಕಡಿ ಬಂದು, ಹಳೆಯ ಕಲ್ಲುಗಳೆಲ್ಲ ಗುಜರಿ ಸೇರಿ ವರ್ಷಗಳಾದವು. ಇಲ್ಲದ ಕಲ್ಲನ್ನು ಇಬ್ಬಿಬ್ಬರು ಹೇಗೆ ಎತ್ತಿದರು? ಆ ಕಲ್ಲು ಇದ್ದದ್ದು ನಮ್ಮ ಅಂಗಡಿಯಲ್ಲಲ್ಲ, ತಮ್ಮ ಠಾಣೆಯಲ್ಲಿ ಯಾರದೋ ತಲೆಯೊಳಗೆ.

ಇಷ್ಟಾದರೂ ನನ್ನ ಮನಸ್ಸು ತಿಳಿಯಾಗಿರಲಿಲ್ಲ. ಗಂಡನನ್ನು ಕಳೆದುಕೊಂಡವಳಿಗೆ ಶಪಿಸಲು ಒಂದು ಮುಖ ಬೇಕಾಗುತ್ತದೆ. ಉಗಿದು ಬರೋಣವೆಂದೇ ಜೈಲಿಗೆ ಹೋದೆ. ಜಾಲರಿಯ ಆಚೆ ನಿಂತಿದ್ದ. ಉಗುರುಗಳಲ್ಲಿ ಎಂದಿನ ಬಣ್ಣವಿರಲಿಲ್ಲ. ಬೇರೆ ಯಾರದೋ ಕೈಗಳಂತೆ ಕಂಡವು.

"ನೀನೇ ಮಾಡಿದ್ಯಾ?" ಅಂದೆ.

"ಹೌದಕ್ಕ."

"ಮಾಡಿಲ್ಲ ತಾನೇ?"

"ಹೌದಕ್ಕ, ಮಾಡಿಲ್ಲ."

ನನಗೆ ರೇಗಿತು. "ಹಾಗಾದ್ರೆ ನಾನೇ ಕೊಂದಿದ್ದು. ಕಟ್ಕೊಂಡ ಗಂಡನ ತಲೆ ನಾನೇ ಒಡೆದೆ. ಹೌದು ತಾನೇ?"

ಅಭ್ಯಾಸದಂತೆ ಅವನ ಬಾಯಿ ತೆರೆಯಿತು. ತೆರೆದ ಬಾಯನ್ನು ಅಂಗೈಯಿಂದ ಮುಚ್ಚಿಕೊಂಡ. ಆಮೇಲೆ ಜಾಲರಿಗೆ ಹಣೆಯಾನಿಸಿ ಬಿಕ್ಕಿಬಿಕ್ಕಿ ಅತ್ತ. "ಇಲ್ಲ ಅಕ್ಕಾ. ಅದೊಂದು ನನ್ ಬಾಯಲ್ಲಿ ಹೇಳಿಸ್ಬೇಡಿ. ಹೊಡೀವಾಗ್ಲೂ ಅವ್ರು ಅದನ್ನೇ ಅಂದ್ರು, ಹೆಂಡ್ತೀನೇ ಮಾಡ್ಸಿದ್ದು ಅಂತ ಹೇಳು ಅಂತ. ಆಗಲ್ಲ ಅಂದೆ. ಹಂಗಾದ್ರೆ ನಾನೇ ಮಾಡ್ದೆ ಅನ್ನು ಅಂದ್ರು. ಅಂದ್ಬಿಟ್ಟೆ."

ನಾನು ಉಗಿಯಲು ಹೋದವಳು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಮಾನ್ಯರೇ, ಜೀವಮಾನದಲ್ಲಿ ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ ತಮ್ಮವರ ಲಾಠಿಗೆ ಇಲ್ಲವೆಂದಿದ್ದಾನೆ. ಮೇಲಿನವರ ಮಾತಿಗೆ ಹಾಗೆ ಇಲ್ಲವೆಂದವರು ತಮ್ಮ ಇಲಾಖೆಯಲ್ಲಿ ಒಬ್ಬರಿದ್ದರೂ ತೋರಿಸಿ, ನಾನೇ ಬಂದು ಸನ್ಮಾನ ಮಾಡುತ್ತೇನೆ.

ಇದನ್ನೆಲ್ಲ ಸರ್ಕಾರಿ ವಕೀಲರಿಗೆ ತಿಳಿಸಿದೆ. ಅವರು ಕನ್ನಡಕ ಒರೆಸಿಕೊಂಡು, "ಅಮ್ಮಾ, ನೀವು ನಮ್ಮ ಕಡೆ ಸಾಕ್ಷಿ. ಹೀಗೆಲ್ಲ ಮಾತಾಡಿದ್ರೆ ಕೇಸು ಬಿದ್ದೋಗತ್ತೆ" ಎಂದರು. "ಬೀಳಲಿ ಬಿಡಿ ಸಾರ್. ನಮ್ಮನೆಯವ್ರು ಬಿದ್ದಾಗ ನೀವ್ಯಾರೂ ಹಿಡ್ಕೊಳ್ಳಕ್ಕೆ ಬರ್ಲಿಲ್ವಲ್ಲ" ಎಂದು ಎದ್ದುಬಂದೆ. ಆರೋಪಿಯ ಪರವಾಗಿ ಸಾಕ್ಷಿ ಹೇಳಲು ಅರ್ಜಿ ಕೊಟ್ಟಿದ್ದೇನೆ. ಬೀದಿಯಲ್ಲಿ ಕೆಲವರು ನನ್ನನ್ನು ಓರೆಗಣ್ಣಿಂದ ನೋಡುತ್ತಿದ್ದಾರೆ. ನೋಡಲಿ, ಕಣ್ಣು ಅವರದು.

ಇನ್ನು ಕೊಲೆಯಾದ ದಿನ ಷಟರಿನ ಬಳಿ ಬಿದ್ದಿದ್ದ, ನಮ್ಮವರದಲ್ಲದ ಒಂಟಿ ಚಪ್ಪಲಿ. ನನ್ನ ಕಣ್ಣೆದುರೇ ತಮ್ಮವರು ಅದನ್ನು ಚೀಲಕ್ಕೆ ಹಾಕಿಕೊಂಡು ಹೋಗಿದ್ದರು. ನೋಡಿದರೇ ತಿಳಿಯುತ್ತಿತ್ತು, ಅದು ಡ್ರೈವರನಿಗೆ ಬಿಗಿ, ಪೇಂಟರನಿಗೆ ಸಡಿಲ. ಯಾರ ಕಾಲಿಗೂ ಒಗ್ಗದ ಮೇಲೆ ಠಾಣೆಯಲ್ಲಿ ಕೂತೇನು ಮಾಡುವುದೆಂದು ತಾನಾಗಿಯೇ ನಡೆದುಹೋಯಿತೇ? ಕೇಳಿದರೆ "ಅಂಥದ್ದೇನೂ ಸಿಕ್ಕೇ ಇಲ್ವಲ್ಲಮ್ಮ" ಎನ್ನುತ್ತಾರೆ.

ನಾನು ಕೇಳುವುದು ಇಷ್ಟು. ಪೇಂಟರನ್ನು ಮನೆಗೆ ಕಳಿಸಿ. ಡ್ರೈವರನ ಕಿವಿಗೆ ಯಾರು ಹೊಣೆಯೆಂದು, ಫೋಟೋ ತೆಗೆಸಿಕೊಂಡ ಅದೇ ಜಾಗದಲ್ಲಿ ನಿಂತು ಹೇಳಿ. ಆಮೇಲೆ, ತಪ್ಪೊಪ್ಪಿಗೆ ಬರೆಸುವ ಕೆಲಸದಿಂದ ಪುರುಸೊತ್ತಾದರೆ, ಕೊಲೆಗಾರನನ್ನು ಹುಡುಕಿ. ಅವನು ಹೊರಗಿದ್ದಾನೆ. ಹೊಟ್ಟೆಪಾಡು, ಅಂಗಡಿಯನ್ನು ಈಗ ನಾನೇ ನಡೆಸುತ್ತಿದ್ದೇನೆ. ಸಾಮಾನು ಕೊಡುವಾಗ ಪ್ರತಿ ಗಿರಾಕಿಯ ಕೈಯನ್ನೂ ನೋಡುತ್ತೇನೆ. ಅವನೂ ಬಂದು ಒಂದು ಸೋಪು ಕೊಂಡು ಹೋಗಿರಬಹುದು. ನಾನು ನಗುತ್ತಾ "ಮತ್ತೆ ಬನ್ನಿ" ಎಂದಿರಬಹುದು.

ಇಂತಿ,
ತಮ್ಮ ದಾಖಲೆಯ ಪ್ರಕಾರ ಎರಡೆರಡು ಬಾರಿ ನ್ಯಾಯ ಪಡೆದು ಧನ್ಯಳಾದ
ಅಂಗಡಿಯವರ ಹೆಂಡತಿ