ತೀರ್ಥದ ಬಟ್ಟಲದಾಗ ಹಲ್ಲಿನ ಸೆಟ್ಟು

ರೀ,

ಬಸುರಿ ತಂಗಿ ಕುಬಸಕ್ಕಂತ ಗುರುಗುಂಟಾಕ ಹೊಂಟೀನಿ. ಸಂಜಿ ಬಸ್ಸಿಗೆ ಸಿಂಧನೂರಿಗೆ ವಾಪಸ್ ಬರ್ತೀನಿ. ಅಲ್ಲೀತನಕ ಮಾವನೋರ ಬಾಯಿ ನಿಮ್ಮ ಜವಾಬ್ದಾರಿ.

ಊಟ ಆದಮ್ಯಾಲೆ ಅವರ್ನ ನೆಟ್ಟಗ ಕುಂದ್ರಿಸ್ರಿ. ಮ್ಯಾಲಿನ ಸೆಟ್ಟು ತಗದು, ಕೆಳಗಿನ ಸ್ವಂತ ಹಲ್ಲು ಸಣ್ಣ ಬ್ರಷ್‌ಲೆ ತಿಕ್ರಿ. ಲಕ್ವಾ ಹೊಡದ ಕಡೀ ಗಲ್ಲದಾಗ ಗಂಜಿ ಉಳದಿರ್ತದ, ಅವರಿಗೆ ಗೊತ್ತಾಗಂಗಿಲ್ಲ. ಬೆರಳಿಗೆ ಒದ್ದಿ ಬಟ್ಟಿ ಸುತ್ತಿ ತಗೀರಿ. ಕಡದ್ರ ಕಡಸ್ಕೋರಿ, ನಾ ದಿನಾ ಕಡಸ್ಕೊಳ್ಳಾಕತ್ತೀನಿ.

ಮುಕ್ಕಳಿಸಾಕ ನೀರು ಮಾತ್ರ ಕೊಡಬ್ಯಾಡ್ರಿ. ಅವರಿಗೆ ಸರಿ ನುಂಗಾಕ ಆಗವಲ್ದು, ನೀರು ಸೀದಾ ಎದ್ಯಾಗ ಇಳೀತದ ಅಂತ ಡಾಕ್ಟರು ನಿಮ್ಮ ಮುಂದೇ ಹೇಳ್ಯಾರ. ಆಗ ನೀವು ಮೊಬೈಲಾಗ ಭತ್ತದ ರೇಟು ನೋಡಾಕತ್ತಿದ್ರಿ.

ಸೆಟ್ಟು ತೊಳದು ನೀಲಿ ಡಬ್ಬ್ಯಾಗ ನೆನಸಿ ಬಚ್ಚಲ ಕಿಟಕ್ಯಾಗ ಇಡ್ರಿ. ಅಪ್ಪನ ವಸ್ತು ಬಚ್ಚಲದಾಗ ಇಡಬಾರದು ಅಂತ ನಿನ್ನೆ ಅದನ್ನ ತೀರ್ಥದ ಬಟ್ಟಲದಾಗ ಹಾಕಿ ದೇವರ ಜಗಲಿ ಮ್ಯಾಲೆ ಇಟ್ಟವರು ನೀವು. ಪೂಜಿ ಮುಗಿಸಿ, ಇಟ್ಟಿದ್ದು ಮರತು, ಕಣ್ಣು ಮುಚ್ಚಿ, ತೀರ್ಥ ಅಂತ ಭಕ್ತಿಲೆ ಕುಡದವರೂ ನೀವೇ. ಹಲ್ಲು ತುಟಿಗೆ ತಗಲಿದಾಗ ಬಿಲ್ವಪತ್ರಿ ಅಂತ ತಿಳಕೊಂಡ್ರೇನು?

ನಾ ಬೈಯಾಕ ಬಾಯಿ ತಗದಿದ್ದೆ. ಅಷ್ಟರಾಗ ಮಂಚದ ಮ್ಯಾಲೆ ಮಾವನೋರು ಅರ್ಧ ಬಾಯಿಲೆ ನಕ್ರು. ನೀವು ಉಗುಳಾಕ ಓಡಿದ್ರಿ, ನೋಡ್ಲಿಲ್ಲ. ಲಕ್ವಾ ಹೊಡದಮ್ಯಾಲೆ ಅವರು ನಕ್ಕಿದ್ದು ಅದೇ ಮೊದಲು.

ಇವತ್ತೂ ಒಮ್ಮೆ ನಗಸ್ರಿ. ಆದ್ರ ಅವರ ಬಾಯಿ ಪೂರಾ ಒರಸಿದ ಮ್ಯಾಲೆ.

ರಾಜಶ್ರೀ