ಕಿವಿಗಪ್ಪೆ ನಿಷೇಧವೂ ನನ್ನ ಮೊಮ್ಮಗಳ ಕಿವಿಯೂ

ಶಾಲೆಗಳ ಮೇಲಧಿಕಾರಿಗಳಾದ ಮಾನ್ಯರೇ,

ನನ್ನ ಮೊಮ್ಮಗಳ ಕಿವಿ ನಿಮ್ಮ ಕಚೇರಿಯ ಎರಡನೇ ಮಹಡಿಯಲ್ಲಿ, ಒಂದು ರಟ್ಟಿನ ಪೆಟ್ಟಿಗೆಯೊಳಗೆ, ಮೊಹರಿನ ಕೆಳಗೆ ಬಿದ್ದಿದೆ. ಇವತ್ತಿಗೆ ಇಪ್ಪತ್ತಾರು ದಿನ. ಮೂರು ಸಲ ಬಂದು ಕೇಳಿದೆ, ಮೂರು ಅರ್ಜಿ ಕೊಟ್ಟೆ. ಶಾಲೆ ಬೇಗ ಬಿಟ್ಟವಳು ನಾನು. ನನ್ನ ಕಾಗುಣಿತ ನಿಮಗೆ ಓದಲಾಗಲಿಲ್ಲವೇನೋ. ಅದಕ್ಕೇ ಈ ಸಲ ಊರೆಲ್ಲ ಓದಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇನೆ.

ಶಾಲೆಯ ಗೇಟಿನ ಎದುರು ಕೂತು ಬ್ಯಾಗುಗಳ ಜಿಪ್ಪು, ಪಟ್ಟಿ ಹೊಲಿಯುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ ಮಕ್ಕಳ ಹುಚ್ಚುಗಳು ಬರುವುದನ್ನೂ ಹೋಗುವುದನ್ನೂ ಅಲ್ಲಿಂದಲೇ ನೋಡಿದ್ದೇನೆ. ಈ ವರ್ಷದ್ದು ಕಿವಿಗಪ್ಪೆ. ಹೆಬ್ಬೆರಳಿನ ಉಗುರಿನಷ್ಟು ಪ್ಲಾಸ್ಟಿಕ್ ಕಪ್ಪೆ. ಕಿವಿಗೆ ಸಿಕ್ಕಿಸಿಕೊಂಡು ತಲೆ ಅಲ್ಲಾಡಿಸಿದರೆ ಅದರ ಕಣ್ಣು ಮಿನುಗುತ್ತದೆ. ಸೋಮವಾರ ಒಬ್ಬಳ ಕಿವಿಯಲ್ಲಿತ್ತು. ಶುಕ್ರವಾರದ ಹೊತ್ತಿಗೆ ಕಪ್ಪೆಯಿಲ್ಲದ ಕಿವಿ ಕಿವಿಯೇ ಅಲ್ಲ. ಹಸಿರಿನವರು ಕೆಂಪಿನವರ ಜೊತೆ ಮಾತು ಬಿಟ್ಟರು. ಒಬ್ಬ ತನ್ನ ಉದುರಿದ ಎರಡು ಹಲ್ಲು ಕೊಟ್ಟು ಹಳದಿ ಕಪ್ಪೆ ಪಡೆದ. ಪಾಠದ ಮಧ್ಯೆ ಮೇಷ್ಟರು ತಿರುಗಿ ನೋಡಿದರೆ ಇಡೀ ತರಗತಿ ತಲೆ ಅಲ್ಲಾಡಿಸುತ್ತಿತ್ತು; ಪಾಠ ಅರ್ಥವಾಯಿತೆಂದು ಅವರು ಮುಂದಿನದಕ್ಕೆ ಹೋಗುತ್ತಿದ್ದರು.

ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ. ಬಲಗಿವಿ ಹುಟ್ಟಿನಿಂದ ಕೇಳದು. ಎಡಗಿವಿಗೆ ಆಸ್ಪತ್ರೆಯವರು ಕೊಟ್ಟ ಯಂತ್ರ ಹಾಕಿದರೆ ಕೇಳುತ್ತದೆ. ಆದರೆ ಜೊತೆಯ ಮಕ್ಕಳು ಅವಳಿಗೆ ‘ಮಷೀನು’ ಅಂತ ಅಡ್ಡಹೆಸರಿಟ್ಟರಲ್ಲ, ಗೇಟು ದಾಟಿದ್ದೇ ತಡ ಅದನ್ನು ಬಿಚ್ಚಿ ಜೇಬಿಗೆ ಹಾಕುತ್ತಿದ್ದಳು. ಬೈದೆ, ಹೊಡೆಯಲೂ ಹೋದೆ. ಕಪ್ಪೆ ಬಂದ ವಾರ ತಾನಾಗಿಯೇ ಬಂದು ಪಕ್ಕದಲ್ಲಿ ಕೂತಳು.

“ಅಜ್ಜಿ, ನನ್ನ ಮಷೀನಿಗೆ ಒಂದು ಕಪ್ಪೆ ಕಟ್ಟಿಕೊಡ್ತೀಯಾ?”

“ಯಾಕೆ, ವಟಗುಟ್ಟೋಕೆ ನೀನೊಬ್ಬಳು ಸಾಲದಾ?”

“ಆಗ ಎಲ್ಲರ ಕಿವೀಲಿರೋದೇ ನನ್ನ ಕಿವೀಲೂ ಇರುತ್ತಲ್ಲ.”

ಬ್ಯಾಗು ಹೊಲಿಯುವ ನೈಲಾನ್ ದಾರದಲ್ಲಿ ಬಿಗಿದುಕೊಟ್ಟೆ. ಮರುದಿನ, ಹುಟ್ಟಿದ ಮೇಲೆ ಮೊದಲ ಸಲ, ಕಿವಿ ಕಾಣುವ ಹಾಗೆ ಕೂದಲು ಎತ್ತಿ ಕಟ್ಟಿಸಿಕೊಂಡು ಹೋದಳು. ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಯಂತ್ರ ಯಾವುದು ಕಪ್ಪೆ ಯಾವುದು ತಿಳಿಯದಷ್ಟು ಚೆನ್ನಾಗಿ ಕಟ್ಟಬಾರದಿತ್ತು.

ಆರನೇ ವಾರಕ್ಕೆ ಕಪ್ಪೆಯ ಕಾಲ ಮುಗಿಯಿತು. ಯಾರೂ ಕೊಲ್ಲಲಿಲ್ಲ. ಡ್ರಿಲ್ ಮಾಸ್ತರರು ಮಕ್ಕಳನ್ನು ನಗಿಸೋಣವೆಂದು ಒಂದು ಬೆಳಿಗ್ಗೆ ತಾವೇ ಎರಡು ಕಪ್ಪೆ ಸಿಕ್ಕಿಸಿಕೊಂಡು ಬಂದರು. ದೊಡ್ಡವರು ಹಾಕಿಕೊಂಡ ಮೇಲೆ ಅದಕ್ಕೇನು ಮರ್ಯಾದೆ? ಮಧ್ಯಾಹ್ನದೊಳಗೆ ಕಪ್ಪೆಗಳೆಲ್ಲ ಚರಂಡಿ ಸೇರಿದವು.

ನಿಮ್ಮ ಸುತ್ತೋಲೆ ಬಂದದ್ದು ಅದಾದ ಹನ್ನೊಂದನೇ ದಿನ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ಎಲ್ಲ ಕಚೇರಿಗಳ ಪದ್ಧತಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದರಲ್ಲಿ ಬರೆದದ್ದೇನು? ಕಿವಿಗೆ ಧರಿಸುವ ಯಾವುದೇ ಆಕರ್ಷಕ ವಸ್ತುವನ್ನು ವಶಪಡಿಸಿಕೊಂಡು ಮೊಹರು ಮಾಡಿ ಕಳುಹಿಸತಕ್ಕದ್ದು. ಶೂನ್ಯ ವರದಿ ಸ್ವೀಕರಿಸಲಾಗುವುದಿಲ್ಲ. ಶೂನ್ಯ ಬೇಡವೆಂದರೆ ಶಾಲೆಯವರು ಏನು ಮಾಡಬೇಕು? ಚರಂಡಿ ಕೆದಕಿ ಹದಿನಾಲ್ಕು ಕಪ್ಪೆ ತೆಗೆದರು. ಕಿವಿಯ ಮೇಲೆ ಉಳಿದಿದ್ದದ್ದು ಇಡೀ ಶಾಲೆಯಲ್ಲಿ ಒಂದೇ ಒಂದು, ನಾನು ಯಂತ್ರಕ್ಕೆ ಬಿಗಿದದ್ದು. “ಇದು ಕೇಳೋ ಮಷೀನು ಟೀಚರ್” ಎಂದಳಂತೆ ಮಗು. ಆ ತಿಂಗಳಷ್ಟೇ ಬಂದಿದ್ದ ಹೊಸ ಟೀಚರು “ಕಥೆ ಕಟ್ಟಬೇಡ” ಎಂದು ಬಿಚ್ಚಿಕೊಂಡರಂತೆ. ಮರುದಿನ ನಾನು ಹೋಗುವಷ್ಟರಲ್ಲಿ ಪೆಟ್ಟಿಗೆ ನಿಮ್ಮಲ್ಲಿಗೆ ಬಂದಾಗಿತ್ತು. ಕೆಲಸ ಹೀಗೂ ಚುರುಕಾಗಿ ನಡೆಯುತ್ತದೆಂದು ಅವತ್ತೇ ನನಗೆ ಗೊತ್ತಾದದ್ದು.

ನಿಮ್ಮ ಗುಮಾಸ್ತರು ಒಳ್ಳೆಯವರು, ಕೂರಿಸಿ ನೀರು ಕೊಟ್ಟರು.

“ಮೊಹರು ಒಡೆಯೋಕೆ ಮೂವರ ಸಮಿತಿ ಸೇರಬೇಕಮ್ಮ.”

“ಸೇರಲಿ.”

“ಒಬ್ಬರು ರಜೆ, ಒಬ್ಬರು ಟ್ರೈನಿಂಗು.”

“ಮೂರನೆಯವರು?”

“ಅವರಿಬ್ಬರಿಗೆ ಕಾಯ್ತಿದ್ದಾರೆ.”

ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಲಾಗದು ಎನ್ನುತ್ತಾರೆ. ನಿಮ್ಮಲ್ಲಿ ಕಪ್ಪೆಗಳು ಸುಮ್ಮನೆ ಕೂತಿವೆ, ಸಮಿತಿಯೇ ಹಾರುತ್ತಿದೆ. ನನ್ನ ಮೊಮ್ಮಗಳದು ಹುಟ್ಟುಕಿವುಡು, ಯಂತ್ರ ಹಾಕಿದರೆ ಸರಿಹೋಗುತ್ತದೆ. ಜಾಣಕಿವುಡಿಗೆ ಯಾವ ಆಸ್ಪತ್ರೆಯಲ್ಲಿ ಯಂತ್ರ ಕೊಡುತ್ತಾರೆ, ಸ್ವಲ್ಪ ತಿಳಿಸಿ.

ಮೊನ್ನೆ ನಿಮ್ಮ ಕಚೇರಿಯಿಂದ ಕೊನೆಗೂ ಒಂದು ಕಾಗದ ಬಂತು. ಅರ್ಜಿಗೆ ಉತ್ತರವಲ್ಲ. ವಿದ್ಯಾರ್ಥಿನಿ ಹತ್ತೊಂಬತ್ತು ದಿನ ಗೈರುಹಾಜರು, ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ದಿನವೂ ನಾನೇ ಕೈಹಿಡಿದು ಗೇಟು ದಾಟಿಸಿದ ಹುಡುಗಿ. ಹೋಗಿ ಕೇಳಿದರೆ, ಹಾಜರಿ ಕೂಗುವಾಗ ಅವಳು ‘ಬಂದೆ’ ಅನ್ನುವುದಿಲ್ಲವಂತೆ. ಕೇಳಿಸಿದರೆ ತಾನೇ ಅನ್ನುವುದು? ಹಳೆಯ ಟೀಚರು ಹೆಸರು ಕೂಗಿ ಅವಳ ಮುಖ ನೋಡುತ್ತಿದ್ದರು. ಹೊಸಬರು ಪುಸ್ತಕ ನೋಡುತ್ತಾರೆ. ಪಕ್ಕದವಳು ಗಿಲ್ಲಿ ತಿಳಿಸಿದರೆ, ಒಬ್ಬರ ಹಾಜರಿಯಲ್ಲಿ ಇನ್ನೊಬ್ಬರು ತಲೆಹಾಕಬಾರದಂತೆ. ಈಗ ಮಗು ಮತ್ತೆ ಕೂದಲು ಇಳಿಬಿಟ್ಟುಕೊಂಡು ಹೇಳುತ್ತದೆ: “ಹೋದರೂ ಬಂದಿಲ್ಲ ಅಂತಾರಲ್ಲ ಅಜ್ಜಿ, ಇವತ್ತೊಂದು ದಿನ ಮನೇಲೇ ಇರ್ತೀನಿ.” ನಾನೂ ಹಾಗೇ ಒಂದು ದಿನ ಮನೆಯಲ್ಲಿ ಉಳಿದವಳು. ಆ ಒಂದು ದಿನಕ್ಕೆ ಈಗ ಐವತ್ತೆಂಟು ವರ್ಷ.

ಈ ಶನಿವಾರದೊಳಗೆ ಪೆಟ್ಟಿಗೆ ಒಡೆಯಿರಿ. ಯಂತ್ರವನ್ನು ಅವಳ ಕೈಗೇ ಕೊಡಿ. ಹತ್ತೊಂಬತ್ತು ದಿನದ ಹಾಜರಿ ತಿದ್ದಿಸಿ. ಆಗದಿದ್ದರೆ ಸೋಮವಾರ ನಾನೇ ತರಗತಿಗೆ ಹೋಗಿ ಅವಳ ಪಕ್ಕ ಬೆಂಚಿನ ಮೇಲೆ ಕೂರುತ್ತೇನೆ, ಹೆಸರು ಕೂಗಿದಾಗ ‘ಬಂದಿದ್ದಾಳೆ’ ಎನ್ನುತ್ತೇನೆ. ಎಬ್ಬಿಸಲು ಯಾರಾದರೂ ಬಂದರೆ ಅವರಿಗೂ ಮೂವರ ಸಮಿತಿಯ ಅಪ್ಪಣೆ ತರಲು ಹೇಳುತ್ತೇನೆ.

ಇಂತಿ,
ದಿನವೂ ಶಾಲೆಗೆ ಹೋಗಿ ಗೈರುಹಾಜರಾಗುವವಳ ಅಜ್ಜಿ