ರೋಜಾ ಮೇಡಂ ಕೇಳದ ಲೆಕ್ಕ

ಈಸೂರು

ಕುರಿ ಸಾಕುವವರ ಸಂಘದ ಅಧ್ಯಕ್ಷರಾದ ನಾಗರಾಜಪ್ಪನವರಿಗೆ ಸದಸ್ಯ ಚಿಕ್ಕಬೀರಪ್ಪನ ನಮಸ್ಕಾರಗಳು.

ನಮ್ಮ ಕಾರ್ಯದರ್ಶಿ ರೋಜಾ ಮೇಡಂ ಅವರ ವರ್ಷದ ಕೆಲಸಕ್ಕೆ ನೀವು ಕಡಿಮೆ ಅಂಕ ಹಾಕಿದಿರಂತೆ. ಯಾರ ಹತ್ತಿರ ಎಷ್ಟು ಕುರಿ ಎಂಬ ಕಾಲಂ ಖಾಲಿ ಬಿಟ್ಟದ್ದೇ ಕಾರಣವಂತೆ. ಆ ಕಾಲಂ ಹಾಕಿದವರು ಕುರಿ ಕಾದವರಲ್ಲ ಬಿಡಿ.

ಮಂದೆ ಎಣಿಸಿ ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆಂದು ನಂಬಿದವರು ನಾವು. ಹಿಂದಿನ ಕಾರ್ಯದರ್ಶಿ ಕೇಳಿದಾಗಲೆಲ್ಲ ಅರ್ಧಕ್ಕರ್ಧ ಕಡಿಮೆ ಹೇಳುತ್ತಿದ್ದೆವು. ಅದನ್ನೇ ನಂಬಿ ಯೋಜನೆ ಹಾಕಿದ್ದರಿಂದ ಕರುಳುಬೇನೆಯ ಲಸಿಕೆ ಪ್ರತಿ ವರ್ಷವೂ ಸಾಲುತ್ತಿರಲಿಲ್ಲ.

ಈಯಮ್ಮ ಕುರಿ ಎಷ್ಟೆಂದು ಕೇಳಲೇ ಇಲ್ಲ. ಹಟ್ಟಿಗೆ ಬಂದು ಮಜ್ಜಿಗೆ ಕುಡಿದು, "ಕುರಿ ಕೂಡಿಹಾಕೋಕೆ ಸುತ್ತ ಎಷ್ಟು ತಡಿಕೆ ಕಟ್ತೀರಿ, ಬೀರಣ್ಣ?" ಅಂದರು. ತಡಿಕೆಗೆ ಎಲ್ಲಿಯ ದೃಷ್ಟಿ? ಹೇಳಿದೆ. ಎಲ್ಲ ಹಟ್ಟಿಗಳಲ್ಲೂ ಹೀಗೇ ಕೇಳಿ, ಅದರ ಮೇಲೆಯೇ ಅಂದಾಜು ಕಟ್ಟಿ ಲಸಿಕೆ ತರಿಸಿದರು. ಈ ಮಳೆಗಾಲದಲ್ಲಿ ಯಾರ ಹಟ್ಟಿಯಲ್ಲೂ ಕರುಳುಬೇನೆಗೆ ಒಂದು ಮರಿಯೂ ಸಾಯಲಿಲ್ಲ.

ದಯವಿಟ್ಟು ಅಂಕ ತಿದ್ದಿ ಕೊಡಿ. ಸಂಖ್ಯೆ ಇಲ್ಲದೆ ಆಗುವುದೇ ಇಲ್ಲವೆಂದರೆ ಬರೆದುಕೊಳ್ಳಿ: ನನ್ನವು ನೂರಾ ಹದಿನೇಳು. ಹೆಂಡತಿ ದುರುಗಮ್ಮನ ಎದುರಿಗೂ ಇದನ್ನು ಬಾಯಿಬಿಟ್ಟವನಲ್ಲ.

ಸಭೆಯಲ್ಲಿ ಜೋರಾಗಿ ಓದಬೇಡಿ.

ಇಂತಿ ನಿಮ್ಮವ,
ಚಿಕ್ಕಬೀರಪ್ಪ